1000 ವ್ಯಾಟ್ ಆಂಪ್‌ಗೆ 400 ವ್ಯಾಟ್ ಬಾಕ್ಸ್ ಹಾಕಿದರೆ ಸುಟ್ಟುಹೋಗುತ್ತಾ?

ಮಲೆನಾಡ_ಗಡಿ:

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರದ ಹತ್ತಿರ ಒಂದು ಹಳ್ಳಿ. ಪ್ರತಿ ಸಲ ಮೈಕ್ ಸೆಟ್ ಬಾಡಿಗೆಗೆ ತರೋದು ಸಾಕು, ಸ್ವಂತದ್ದೇ ಒಂದು ತಗೊಳ್ಳೋಣ ಅಂತ ದೇವಸ್ಥಾನದ ಕಮಿಟಿಯವರು ತೀರ್ಮಾನ ಮಾಡಿದ್ದಾರೆ. ನನಗೆ ಕಂಪ್ಯೂಟರ್ ಗೊತ್ತು ಅನ್ನೋ ಒಂದೇ ಕಾರಣಕ್ಕೆ ಈ ಕೆಲಸ ನನ್ನ ತಲೆಗೆ ಬಿದ್ದಿದೆ. ತಿಂಗಳಿಗೊಮ್ಮೆ ಭಜನೆ, ಮಳೆಗಾಲದಲ್ಲಿ ತಾಳಮದ್ದಳೆ, ಗಣಪತಿ ಹಬ್ಬಕ್ಕೆ ಹುಡುಗರ ಹಾಡು-ಕುಣಿತ, ಇಷ್ಟೇ ಬಳಕೆ. ಇನ್ನೂರು ಮುನ್ನೂರು ಜನ ಸೇರುತ್ತಾರೆ. ಅಂಗಳ ಸುಮಾರು 30 ಮೀಟರ್ ಉದ್ದ ಇದೆ.

ಅಂಗಡಿಯಲ್ಲಿ 15 ಇಂಚಿನ ಎರಡು ಸ್ಪೀಕರ್ ಬಾಕ್ಸ್ ತೋರಿಸಿದರು. ಹಿಂದಿನ ಸ್ಟಿಕ್ಕರ್‌ನಲ್ಲಿ 400/800/1600 ವ್ಯಾಟ್, 8 ಓಮ್, 97 ಡಿಬಿ ಅಂತ ಇದೆ. ಆಂಪ್ಲಿಫೈಯರ್‌ನ ಡಬ್ಬದ ಮೇಲೆ ದಪ್ಪಕ್ಷರದಲ್ಲಿ 1000 ವ್ಯಾಟ್. ಒಳಗಿನ ಪುಸ್ತಕ ತೆಗೆದು ನೋಡಿದರೆ ಬೇರೆಯೇ ಕಥೆ. 8 ಓಮ್‌ಗೆ 300+300, 4 ಓಮ್‌ಗೆ 500+500, ಬ್ರಿಡ್ಜ್ ಮಾಡಿ 8 ಓಮ್‌ಗೆ 1000. ಇದರಲ್ಲಿ ಯಾವುದನ್ನ ನಂಬಬೇಕು?

ಅಂಗಡಿಯವರು ಹೇಳೋದು, "ಆಂಪ್ ಯಾವಾಗಲೂ ಬಾಕ್ಸ್‌ಗಿಂತ ಕಡಿಮೆ ಇರಬೇಕು, ಇಲ್ಲಾಂದ್ರೆ ಕಾಯಿಲ್ (ಸ್ಪೀಕರ್ ಒಳಗಿನ ತಂತಿ ಸುರುಳಿ) ಸುಡುತ್ತೆ." ಮೈಕ್ ಸೆಟ್ ಬಾಡಿಗೆ ಕೊಡುವ ನಮ್ಮ ಚಿಕ್ಕಪ್ಪ ಹೇಳೋದು, "ಆಂಪ್ ಡಬಲ್ ಇರಬೇಕು, ಕಡಿಮೆ ಆದ್ರೆನೇ ಟ್ವೀಟರ್ (ಕೀರಲು ಸದ್ದಿನ ಸಣ್ಣ ಸ್ಪೀಕರ್) ಹೋಗೋದು." ಇಬ್ಬರೂ ವರ್ಷಗಟ್ಟಲೆ ಇದೇ ಕೆಲಸ ಮಾಡಿದವರು. ಇಬ್ಬರ ಮಾತೂ ಸರಿ ಇರೋಕೆ ಸಾಧ್ಯ ಇಲ್ಲ ಅಲ್ವಾ?

ಇನ್ನೊಂದು. ನಮ್ಮ ಮನೆಯಲ್ಲಿ ಹಳೇ 2.1 ಸೆಟ್ ಇದೆ, ಮುಂದೆ 8000 ವ್ಯಾಟ್ ಪಿಎಂಪಿಒ ಅಂತ ಬರೆದಿದೆ. ಹಾಗಾದರೆ ದೇವಸ್ಥಾನಕ್ಕೆ ಅದನ್ನೇ ಒಯ್ದರೆ ಆಯ್ತಲ್ಲ ಅಂತ ಕಮಿಟಿಯ ಒಬ್ಬರು ಕೇಳಿದರು. ತಮಾಷೆಗೆ ಕೇಳಿದ್ದಲ್ಲ, ನಿಜವಾಗಲೂ ಕೇಳಿದ್ದು.

ಸೋಲ್ಡರ್_ಹೊಗೆ:

ಮೊದಲು ಆ 8000ವನ್ನ ಮುಗಿಸೋಣ. ಸೆಟ್ಟನ್ನ ತಿರುಗಿಸಿ ಹಿಂದೆ ನೋಡಿ. ಕರೆಂಟ್ ವಯರ್ ಬರುವ ಜಾಗದಲ್ಲಿ 230 ವೋಲ್ಟ್, 50 ಹರ್ಟ್ಸ್, ಇಷ್ಟು ವ್ಯಾಟ್ ಅಂತ ಸಣ್ಣದಾಗಿ ಇರುತ್ತದೆ. ಇಂಥ ಸೆಟ್‌ಗಳಲ್ಲಿ ಅದು 50, 60, ಹೆಚ್ಚೆಂದರೆ 100. ಗೋಡೆಯಿಂದ 60 ವ್ಯಾಟ್ ಎಳೆಯುವ ಡಬ್ಬ ಸ್ಪೀಕರ್‌ಗೆ 8000 ಕೊಡೋಕೆ ಆಗಲ್ಲ, ಅಷ್ಟೇ. ಪಿಎಂಪಿಒ (ಪೀಕ್ ಮ್ಯೂಸಿಕ್ ಪವರ್ ಔಟ್‌ಪುಟ್) ಅಳೆಯೋಕೆ ಎಲ್ಲರೂ ಒಪ್ಪಿದ ವಿಧಾನ ಅಂತ ಒಂದಿಲ್ಲ. ಎಷ್ಟು ಓಮ್‌ಗೆ (ಕರೆಂಟ್‌ಗೆ ಸ್ಪೀಕರ್ ಒಡ್ಡುವ ತಡೆ), ಎಷ್ಟು ಹೊತ್ತು, ಎಷ್ಟು ಡಿಸ್ಟಾರ್ಷನ್‌ನಲ್ಲಿ (ಸದ್ದು ಎಷ್ಟು ಕೆಟ್ಟಾಗ) ಅಂತ ಹೇಳಬೇಕಾದ ಜವಾಬ್ದಾರಿಯೂ ಇಲ್ಲ. ಪ್ಯಾಕಿಂಗ್ ಮೇಲೆ ಎಷ್ಟು ಸೊನ್ನೆ ಹಿಡಿಸುತ್ತದೋ ಅಷ್ಟು.

ಇದು ನಮ್ಮ ದೇಶದ ರೋಗ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದಲ್ಲೂ ಸ್ಟೀರಿಯೋ ಹುಚ್ಚು ಜೋರಾಗಿದ್ದ ಕಾಲದಲ್ಲಿ ಕಂಪನಿಗಳು ಬಾಯಿಗೆ ಬಂದ ವ್ಯಾಟ್ ಬರೆಯುತ್ತಿದ್ದವು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿ ಮನೆ ಆಂಪ್ಲಿಫೈಯರ್‌ಗಳಿಗೆ ಒಂದು ನಿಯಮ ತಂದಿತು. ವ್ಯಾಟ್ ಬರೆದರೆ ಎಷ್ಟು ಓಮ್, ಯಾವ ಫ್ರೀಕ್ವೆನ್ಸಿಯಿಂದ ಯಾವುದರವರೆಗೆ, ಎಷ್ಟು ಡಿಸ್ಟಾರ್ಷನ್ ಅಂತಲೂ ಬರೆಯಲೇಬೇಕು ಅಂತ. 2024ರಲ್ಲಿ ಅದನ್ನ ಇನ್ನೂ ಬಿಗಿ ಮಾಡಿದರು. 8 ಓಮ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್, ಡಿಸ್ಟಾರ್ಷನ್ 1%ಗಿಂತ ಕಡಿಮೆ. ಈ ಮೂರೂ ಇಲ್ಲದ ವ್ಯಾಟ್ ಸಂಖ್ಯೆಗೆ ನಾನಂತೂ ಬೆಲೆ ಕೊಡಲ್ಲ.

ಈಗ ನಿಮ್ಮ ಆಂಪ್. ಪುಸ್ತಕದಲ್ಲಿರುವ ಮೂರೂ ಸಂಖ್ಯೆ ಸುಳ್ಳಲ್ಲ, ಆದರೆ ನಿಮಗೆ ಬೇಕಾದ್ದು ಒಂದೇ. ನಿಮ್ಮ ಬಾಕ್ಸ್ 8 ಓಮ್. ಒಂದು ಚಾನೆಲ್‌ಗೆ ಒಂದು ಬಾಕ್ಸ್. ಹಾಗಾಗಿ 300+300. ಉಳಿದದ್ದನ್ನ ಮರೆತುಬಿಡಿ.

ಯಾಕೆ ಹೀಗೆ ಬದಲಾಗುತ್ತದೆ ಅಂದರೆ, ಆಂಪ್ಲಿಫೈಯರ್ ಕೊಡೋದು ವೋಲ್ಟೇಜ್. ಅದರಿಂದ ಎಷ್ಟು ವ್ಯಾಟ್ ಆಗುತ್ತದೆ ಅನ್ನೋದು ಎದುರಿಗಿರುವ ಸ್ಪೀಕರ್ ಮೇಲೆ ನಿಂತಿದೆ. ವೋಲ್ಟೇಜನ್ನ ಅದರಿಂದಲೇ ಗುಣಿಸಿ ಓಮ್‌ನಿಂದ ಭಾಗಿಸಿ, ವ್ಯಾಟ್ ಬರುತ್ತದೆ. 8 ಓಮ್‌ಗೆ 300 ವ್ಯಾಟ್ ಅಂದರೆ ಸುಮಾರು 49 ವೋಲ್ಟ್. ಅದೇ 49 ವೋಲ್ಟ್ 4 ಓಮ್‌ಗೆ ಹೋದರೆ 600 ವ್ಯಾಟ್ ಆಗಬೇಕಿತ್ತು. ಪುಸ್ತಕದಲ್ಲಿ 500 ಇದೆ, ಯಾಕಂದರೆ ಅಷ್ಟು ಕರೆಂಟ್ ಎಳೆದಾಗ ಪವರ್ ಸಪ್ಲೈ ಸ್ವಲ್ಪ ಕುಸಿಯುತ್ತದೆ. ಇದು ಒಳ್ಳೇ ಲಕ್ಷಣವೇ, ಅಂದರೆ ಪುಸ್ತಕ ಬರೆದವರು ನಿಜವಾಗಿಯೂ ಅಳತೆ ಮಾಡಿರಬೇಕು. ಬ್ರಿಡ್ಜ್ ಅಂದರೆ ಎರಡೂ ಚಾನೆಲ್ ಸೇರಿ ಒಂದೇ ಬಾಕ್ಸನ್ನ ಎರಡೂ ಕಡೆಯಿಂದ ತಳ್ಳೋದು. ಆ 1000 ಸಿಗೋದು ಹಾಗೆ ಮಾಡಿದಾಗ ಮಾತ್ರ. ನಿಮ್ಮ 400 ವ್ಯಾಟ್ ಬಾಕ್ಸ್‌ಗೆ ಹಾಗೆ ಕೊಟ್ಟರೆ ಅಂಗಡಿಯವರ ಭವಿಷ್ಯ ನಿಜವಾಗುತ್ತದೆ. ಎರಡೂ ಬಾಕ್ಸನ್ನ ಪ್ಯಾರಲಲ್ ಮಾಡಿ ಬ್ರಿಡ್ಜ್‌ಗೆ ಹಾಕೋಣ ಅಂತ ಯಾರಾದರೂ ಬಂದರೆ ಹತ್ತಿರ ಬಿಡಬೇಡಿ. ಎರಡು 8 ಓಮ್ ಪ್ಯಾರಲಲ್ ಆದರೆ 4 ಓಮ್ ಆಗುತ್ತದೆ, ಬ್ರಿಡ್ಜ್‌ಗೆ ಪುಸ್ತಕ ಹೇಳಿರೋದು 8.

ಇನ್ನು ಬಾಕ್ಸ್ ಮೇಲಿನ 400. ಇಲ್ಲೇ ಎಲ್ಲರೂ ಎಡವೋದು. ಆಂಪ್‌ನ ವ್ಯಾಟ್ ಅಂದರೆ ಅದು ಕೊಡಬಲ್ಲದ್ದು. ಸ್ಪೀಕರ್‌ನ ವ್ಯಾಟ್ ಅಂದರೆ ಅದು ತಡೆದುಕೊಳ್ಳಬಲ್ಲ ಬಿಸಿ. ಎಷ್ಟು ಜೋರಾಗಿ ಕೇಳಿಸುತ್ತದೆ ಅನ್ನೋದಕ್ಕೂ ಅದಕ್ಕೂ ನೇರ ಸಂಬಂಧ ಇಲ್ಲ. 97 ಡಿಬಿ ಅಂತ ಬರೆದಿದೆಯಲ್ಲ, ಜೋರು ಎಷ್ಟು ಅಂತ ಹೇಳೋದು ಆ ಸಂಖ್ಯೆ. ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದಾಗ 97 ಡಿಬಿ. ಲೆಕ್ಕ ಹಾಕಿದರೆ ಇಂಥ ಸ್ಪೀಕರ್ ತನಗೆ ಬಂದ ವಿದ್ಯುತ್ತಿನಲ್ಲಿ ಸುಮಾರು 3% ಮಾತ್ರ ಶಬ್ದ ಮಾಡುತ್ತದೆ. 400 ವ್ಯಾಟ್ ಕೊಟ್ಟರೆ 12 ವ್ಯಾಟ್ ಶಬ್ದ, ಉಳಿದ 388 ವ್ಯಾಟ್ ಬಹುಪಾಲು ಆ ಕಾಯಿಲ್‌ನಲ್ಲೇ ಬಿಸಿ. ಒಂದು ಸಣ್ಣ ಇಸ್ತ್ರಿ ಪೆಟ್ಟಿಗೆಯ ಬಿಸಿಯನ್ನ ಅಂಗೈಯಷ್ಟು ಅಗಲದ ತಂತಿ ಸುರುಳಿ ಹೊರಬೇಕು. 15 ಇಂಚಿನ ಡ್ರೈವರ್‌ಗಳಲ್ಲಿ ಅದಕ್ಕೇ ಅಷ್ಟು ದೊಡ್ಡ ಮ್ಯಾಗ್ನೆಟ್, ಹಿಂದೆ ಗಾಳಿ ಆಡೋಕೆ ತೂತು.

400/800/1600 ಕೂಡ ಅಷ್ಟೇ. ಮೊದಲನೆಯದು ಮಾತ್ರ ಅಳತೆಯಿಂದ ಬಂದದ್ದು. ಎಇಎಸ್ (ಆಡಿಯೋ ಎಂಜಿನಿಯರಿಂಗ್ ಸೊಸೈಟಿ) ವಿಧಾನದಲ್ಲಿ ಎರಡು ಗಂಟೆ ಕಾಲ ಸ್ಪೀಕರ್‌ಗೆ ಪಿಂಕ್ ನಾಯ್ಸ್ ಬಿಡುತ್ತಾರೆ, ಮಳೆ ಸುರಿದಂತೆ ಸೋ ಎನ್ನುವ ಸದ್ದು. ಸ್ಪೀಕರ್ ಕೆಡದೆ ಉಳಿದರೆ ಪಾಸು. ಆ ಸಿಗ್ನಲ್‌ನ ತುದಿಗಳು ಸರಾಸರಿಗಿಂತ 6 ಡಿಬಿ ಮೇಲೆ ಹೋಗುತ್ತವೆ, ಅಂದರೆ ವ್ಯಾಟ್‌ನಲ್ಲಿ ನಾಲ್ಕು ಪಟ್ಟು. 1600 ಬಂದದ್ದು ಅಲ್ಲಿಂದ. ನಡುವಿನ 800 ಬರೀ ರೂಢಿ, 400ರ ಡಬಲ್.

ಮೈಕ್‌ಸೆಟ್_ಅಣ್ಣ:

ಮೇಲಿನವರು ಸರಿಯಾಗಿ ಹೇಳಿದ್ದಾರೆ. ನಾನು ಚಿಕ್ಕಪ್ಪನ ಪರ ವಕಾಲತ್ತು ಮಾಡುತ್ತೇನೆ, ಯಾಕಂದರೆ ನನ್ನದೂ ಅದೇ ಕಸುಬು.

ಚಿಕ್ಕಪ್ಪ ಹೇಳಿದ್ದು ಅರ್ಧ ಸರಿ. ಅಂಗಡಿಯವರು ಹೇಳಿದ್ದೂ ಅರ್ಧ ಸರಿ. ವ್ಯತ್ಯಾಸ ಇರೋದು ವಾಲ್ಯೂಮ್ ಮೇಲೆ ಯಾರ ಕೈ ಇದೆ ಅನ್ನೋದರಲ್ಲಿ.

ತಾಳಮದ್ದಳೆ ತಗೊಳ್ಳಿ. ಅರ್ಥಧಾರಿ ನಿಧಾನಕ್ಕೆ ಮಾತಾಡುತ್ತಿರುತ್ತಾರೆ, ಬಾಕ್ಸ್‌ಗೆ ಐದು ಹತ್ತು ವ್ಯಾಟ್ ಕೂಡ ಹೋಗುತ್ತಿರಲ್ಲ. ಭಾಗವತರ ಪದ ಏರುತ್ತದೆ, ಚಂಡೆಯ ಒಂದು ಪೆಟ್ಟು ಬೀಳುತ್ತದೆ, ಆ ಒಂದು ಕ್ಷಣ ಸರಾಸರಿಯ ಹತ್ತಿಪ್ಪತ್ತು ಪಟ್ಟು ಪವರ್ ಬೇಕು. ಆಂಪ್‌ನಲ್ಲಿ ಅಷ್ಟು ಇಲ್ಲದಿದ್ದರೆ ಅಲೆಯ ತಲೆ ಕತ್ತರಿಸಿಹೋಗುತ್ತದೆ. ಕೆಂಪು ಕ್ಲಿಪ್ ಲೈಟ್ ಹತ್ತೋದು ಆಗಲೇ. ಚಂಡೆ "ಢಣ್" ಅನ್ನೋ ಬದಲು "ಪಟ್" ಅಂತ ತಗಡು ಬಡಿದಂತೆ ಕೇಳುತ್ತದೆ. ಈ ಕಾರಣಕ್ಕೆ ದೊಡ್ಡ ಆಂಪ್ ಇಟ್ಟುಕೊಂಡು ತಗ್ಗಿಸಿ ಬಾರಿಸೋದು ಒಳ್ಳೇದು. ಚಿಕ್ಕಪ್ಪ ಮಾಡೋದು ಅದನ್ನೇ, ಅವರ ಕಿವಿ ಅವರಿಗೆ ಮೀಟರ್.

ಆದರೆ ಗಣಪತಿ ಹಬ್ಬದ ರಾತ್ರಿ ಮಿಕ್ಸರ್ ಹತ್ತಿರ ಹುಡುಗರು ನಿಂತಾಗ ಕಥೆಯೇ ಬೇರೆ. ಈಗಿನ ಹಾಡುಗಳನ್ನ ಮೊದಲೇ ಒತ್ತಿ ಒತ್ತಿ ತುಂಬಿಸಿರುತ್ತಾರೆ, ಏರಿಳಿತವೇ ಇರಲ್ಲ. ಅದರ ಮೇಲೆ ಬಾಸ್ ಪೂರ್ತಿ, ಗೇನ್ ಪೂರ್ತಿ. ಲೆಕ್ಕ ನೋಡಿ. 300 ವ್ಯಾಟ್ ಆಂಪ್‌ನಲ್ಲಿ ಕ್ಲಿಪ್ ಆಗದೆ ಭಜನೆ ಹಾಕಿದರೆ ಕಾಯಿಲ್‌ಗೆ ಸರಾಸರಿ ಬೀಳೋದು 40 ವ್ಯಾಟ್ ಹತ್ತಿರ. ಒತ್ತಿದ ಹಾಡು ಹಾಕಿದರೆ 100, 150. ಅದೇ ಆಂಪನ್ನ ಪೂರ್ತಿ ಕ್ಲಿಪ್ ಮಾಡಿ ಅಲೆ ಚೌಕ ಆಗುವಷ್ಟು ಒತ್ತಿದರೆ 600ರ ಕಡೆಗೆ ಹೋಗುತ್ತದೆ. ಚೌಕ ಅಲೆಯಲ್ಲಿ ಅದೇ ಎತ್ತರದ ಸೈನ್ ಅಲೆಯ (ನಯವಾಗಿ ಏರಿಳಿಯುವ ಅಲೆ) ಎರಡು ಪಟ್ಟು ಪವರ್ ಇರುತ್ತದೆ. 300 ವ್ಯಾಟ್ ಆಂಪ್ 400 ವ್ಯಾಟ್ ಬಾಕ್ಸನ್ನ ಸುಡೋದು ಹೀಗೆ.

"ಆಂಪ್ ಚಿಕ್ಕದಾದ್ದರಿಂದ ಟ್ವೀಟರ್ ಹೋಯ್ತು" ಅನ್ನೋ ಮಾತಿನ ಒಳಗುಟ್ಟೂ ಇದೇ. ಚಿಕ್ಕ ಆಂಪ್ ತಾನಾಗಿ ಯಾರನ್ನೂ ಕೊಲ್ಲಲ್ಲ. 20 ವ್ಯಾಟ್ ಆಂಪ್‌ಗೆ 400 ವ್ಯಾಟ್ ಬಾಕ್ಸ್ ಹಾಕಿ ತಗ್ಗಿನಲ್ಲಿ ಕೇಳಿ, ಜನ್ಮದಲ್ಲಿ ಏನೂ ಆಗಲ್ಲ. ಸಾಲದು ಅಂತ ಒತ್ತಿದಾಗ ಕೆಳಗಿನ ಬಾಸ್‌ನ ತಲೆ ಕತ್ತರಿಸುತ್ತದೆ, ಆದರೆ ಮೇಲಿನ ಸಣ್ಣ ಸದ್ದುಗಳು ಏರುತ್ತಲೇ ಹೋಗುತ್ತವೆ. ಕತ್ತರಿಸಿದ ಅಂಚಿನಿಂದ ಹುಟ್ಟುವ ಕರ್ಕಶವೂ ಸೇರಿಕೊಳ್ಳುತ್ತದೆ. ಇದೆಲ್ಲಾ ಕ್ರಾಸ್‌ಓವರ್ (ಬಾಸ್ ಮತ್ತು ಮೇಲಿನ ಸದ್ದನ್ನ ಬೇರೆ ಮಾಡುವ ಸರ್ಕ್ಯೂಟ್) ದಾಟಿ ಹಾರ್ನ್ ಯೂನಿಟ್‌ಗೆ, ಅಂದರೆ ಟ್ವೀಟರ್‌ಗೆ ಬರುತ್ತದೆ. ಬಾಕ್ಸ್ 400 ಅಂದರೂ ಆ ಯೂನಿಟ್‌ನ ತಾಕತ್ತು ಅದರ ಸಣ್ಣ ಪಾಲು ಅಷ್ಟೇ. ಕ್ಲಿಪ್ ಆದರೆ ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟ್) ಬರುತ್ತೆ, ಅದಕ್ಕೇ ಸುಡುತ್ತೆ ಅಂತ ಕೆಲವರು ಹೇಳುತ್ತಾರೆ. ಅದು ಸುಳ್ಳು. ಡಿಸಿ ಬರೋದು ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆದಾಗ, ಆಗ ಹೋಗೋದು ವೂಫರ್ (ಬಾಸ್ ಸ್ಪೀಕರ್).

ನಿಮ್ಮ ಬಳಕೆಗೆ 8 ಓಮ್‌ಗೆ 300+300 ಇರುವ ಅದೇ ಆಂಪ್ ತಗೊಳ್ಳಿ. ಕ್ಲಿಪ್ ಲೈಟ್ ಚಂಡೆಗೆ ಆಗೊಮ್ಮೆ ಈಗೊಮ್ಮೆ ಮಿನುಗಿದರೆ ಪರವಾಗಿಲ್ಲ. ಆರದೆ ಹತ್ತಿಕೊಂಡೇ ಇದ್ದರೆ ಯಾರದೋ ಕೈಗೆ ಒಂದು ಪೆಟ್ಟು ಕೊಡಿ.

ಕುಡ್ಲದ_ಬಾಸ್:

ನಡುವೆ ಬಾಯಿ ಹಾಕ್ತೇನೆ ಮಾರಾಯ್ರೆ. ಕಾರ್ ಸ್ಟೀರಿಯೋ ಮೇಲೆ 50 ವ್ಯಾಟ್ × 4 ಅಂತ ಬರೆದಿರುತ್ತದಲ್ಲ, ಅದು ಯಾವ ಜಾತಿಗೆ ಸೇರಿದ್ದು? ಅದೂ ಪಿಎಂಪಿಒ ತಮ್ಮನಾ?

ಸೋಲ್ಡರ್_ಹೊಗೆ:

ತಮ್ಮನಲ್ಲ, ದೂರದ ನೆಂಟ. ಇದಕ್ಕೆ ಒಂದು ಲೆಕ್ಕವಾದರೂ ಇದೆ. ಎಂಜಿನ್ ಓಡುವಾಗ ಕಾರಿನಲ್ಲಿ 14.4 ವೋಲ್ಟ್. ಸ್ಟೀರಿಯೋ ಒಳಗಿನ ಐಸಿ (ಆಂಪ್ ಚಿಪ್) ಅದನ್ನ ಏರಿಸಲ್ಲ, ಬ್ರಿಡ್ಜ್ ಮಾಡಿ ಇದ್ದದ್ದನ್ನೇ ಪೂರ್ತಿ ಬಳಸುತ್ತದೆ. ಅಂದರೆ ಅಲೆಯ ತುದಿ 14.4ಕ್ಕೆ ಮುಟ್ಟಬಹುದು. ಸೈನ್ ಅಲೆಗೆ ಆರ್‌ಎಂಎಸ್ (ವ್ಯಾಟ್ ಲೆಕ್ಕಕ್ಕೆ ಹಿಡಿಯುವ ಒಂದು ಬಗೆಯ ಸರಾಸರಿ) ಸುಮಾರು 10 ವೋಲ್ಟ್. ಹತ್ತು ಹತ್ತಲಿ ನೂರು, 4 ಓಮ್‌ನಿಂದ ಭಾಗಿಸಿದರೆ 25 ವ್ಯಾಟ್. ಟ್ರಾನ್ಸಿಸ್ಟರ್ ತಿನ್ನೋದನ್ನ ಕಳೆದರೆ 20 ಆಸುಪಾಸು. ಈಗ ಮಜಾ ನೋಡಿ. 14.4 ವೋಲ್ಟ್‌ನ ಪಕ್ಕಾ ಚೌಕ ಅಲೆ ಹಾಕಿದರೆ 14.4 × 14.4 ÷ 4, ಅಂದರೆ 52 ವ್ಯಾಟ್. ಡಬ್ಬದ ಮೇಲಿನ 50 ಅದೇ. ಪೂರ್ತಿ ಚಿಂದಿಯಾದ ಸದ್ದಿನ ವ್ಯಾಟ್. ಹಿಂದಿನ ಫ್ಯೂಸ್ ನೋಡಿ, 10 ಆಂಪಿಯರ್ ಇದ್ದರೆ ಒಳಗೆ ಬರೋದೇ 144 ವ್ಯಾಟ್, 200 ಹೊರಗೆ ಎಲ್ಲಿಂದ ಬರುತ್ತದೆ? ಹೊಸ ಸೆಟ್ ತಗೊಳ್ಳುವಾಗ ಸಿಟಿಎ-2006 ಅಂತ ಬರೆದ ಸಂಖ್ಯೆ ಇದ್ದರೆ ಅದನ್ನ ನಂಬಿ. ಅದು 14.4 ವೋಲ್ಟ್, 4 ಓಮ್, 1% ಡಿಸ್ಟಾರ್ಷನ್‌ನ ಅಳತೆ.

ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಆಂಪ್ ಬೋರ್ಡ್ ಕೊಳ್ಳುವವರಿಗೂ ಇದೇ ಲೆಕ್ಕ ಆಗುತ್ತದೆ. 4440 ಐಸಿ ಬೋರ್ಡ್ ಮೇಲೆ 100, 200 ವ್ಯಾಟ್ ಅಂತ ಧೈರ್ಯವಾಗಿ ಬರೆದು ಮಾರುತ್ತಾರೆ. ಆ ಐಸಿಯ ಡೇಟಾಶೀಟ್‌ನಲ್ಲಿ ಇರೋದು 13.2 ವೋಲ್ಟ್, 4 ಓಮ್, ಬ್ರಿಡ್ಜ್‌ನಲ್ಲಿ 19 ವ್ಯಾಟ್. ಐಸಿ ಕಂಪನಿಗಳೂ ಪೂರ್ತಿ ಸಾಚಾ ಅಲ್ಲ ಅನ್ನಿ. ಟಿಡಿಎ7294 ಅನ್ನೋ ಇನ್ನೊಂದು ಐಸಿಯ ಡೇಟಾಶೀಟ್ ತಲೆಬರಹದಲ್ಲೇ 100 ವ್ಯಾಟ್ ಅಂತಿದೆ. ಒಳಗೆ ಓದಿದರೆ 0.5% ಡಿಸ್ಟಾರ್ಷನ್‌ನಲ್ಲಿ ಸತತವಾಗಿ 70, ಆ ನೂರು ಸಿಗೋದು 10% ಡಿಸ್ಟಾರ್ಷನ್‌ನಲ್ಲಿ, ಒಂದು ಸೆಕೆಂಡ್ ಹೊತ್ತು. ಆದರೂ ಒಳಗೆ ಬರೆದಿದ್ದಾರಲ್ಲ, ಅದಕ್ಕೆ ಮಾಫಿ. ಟ್ರಾನ್ಸ್‌ಫಾರ್ಮರ್ ನೋಡಿದರೂ ಗೊತ್ತಾಗುತ್ತದೆ. 12-0-12 ಟ್ರಾನ್ಸ್‌ಫಾರ್ಮರ್‌ನಿಂದ ಡಿಸಿ ಆಗೋದು ಪ್ಲಸ್ ಮೈನಸ್ 16 ವೋಲ್ಟ್. ಅದರಲ್ಲಿ 4 ಓಮ್‌ಗೆ ಹೆಚ್ಚೆಂದರೆ 25 ವ್ಯಾಟ್ ಬರುತ್ತದೆ. ಬೋರ್ಡ್ ಮೇಲೆ ಯಾವ ಐಸಿ ಇದ್ದರೂ ಅಷ್ಟೇ.

ಮಲೆನಾಡ_ಗಡಿ:

ತುಂಬಾ ಥ್ಯಾಂಕ್ಸ್. ಒಂದು ಅನುಮಾನ. 300 ಬದಲು ಇನ್ನೊಂದು ಮಾಡೆಲ್ ಇದೆ, 8 ಓಮ್‌ಗೆ 600+600. ಹತ್ತು ಹನ್ನೆರಡು ಸಾವಿರ ಜಾಸ್ತಿ. ಹುಡುಗರು "ಡಬಲ್ ಸೌಂಡ್ ಬರುತ್ತೆ, ಅದೇ ತಗೊಳ್ಳಿ" ಅಂತ ಹಿಡಿದುಕೊಂಡಿದ್ದಾರೆ.

ಮೈಕ್‌ಸೆಟ್_ಅಣ್ಣ:

ಡಬಲ್ ವ್ಯಾಟ್ ಅಂದರೆ 3 ಡಿಬಿ. ಎರಡನ್ನೂ ಪಕ್ಕ ಪಕ್ಕ ಇಟ್ಟು ಬದಲಾಯಿಸಿ ಕೇಳಿದರೆ "ಹೌದು, ಸ್ವಲ್ಪ ಜಾಸ್ತಿ" ಅನ್ನಿಸುತ್ತದೆ, ಅಷ್ಟೇ. ಕಿವಿಗೆ ಡಬಲ್ ಅನ್ನಿಸೋಕೆ 10 ಡಿಬಿ ಬೇಕು, ಅಂದರೆ ಹತ್ತು ಪಟ್ಟು ವ್ಯಾಟ್. ಹುಡುಗರಿಗೆ ಇದನ್ನ ಹೇಳಿದರೆ ನಂಬಲ್ಲ ಬಿಡಿ.

ನಿಮ್ಮ ಅಂಗಳದ ಲೆಕ್ಕ ಮಾಡೋಣ. 97 ಡಿಬಿ ಬಾಕ್ಸ್‌ಗೆ 100 ವ್ಯಾಟ್ ಕೊಟ್ಟರೆ ಒಂದು ಮೀಟರ್‌ನಲ್ಲಿ 117 ಡಿಬಿ. ಬಯಲಲ್ಲಿ ದೂರ ಡಬಲ್ ಆದ ಹಾಗೆಲ್ಲ 6 ಡಿಬಿ ಇಳಿಯುತ್ತದೆ. 2, 4, 8, 16, 32 ಮೀಟರ್ ಅಂತ ಐದು ಸಲ ಇಳಿಸಿದರೆ ಕೊನೇ ಸಾಲಿನವರಿಗೆ 87 ಡಿಬಿ. ಅದೂ ಒಂದೇ ಬಾಕ್ಸ್‌ನಿಂದ, ಮೂರನೇ ಒಂದು ಭಾಗ ಪವರ್‌ನಲ್ಲಿ. ಪಕ್ಕದಲ್ಲಿ ಕೂತವರ ಜೊತೆ ನಾವು ಮಾತಾಡೋದು 60, 65 ಡಿಬಿಯಲ್ಲಿ. ತಾಳಮದ್ದಳೆಗೆ ಇದರ ಅರ್ಧವೂ ಬೇಡ. ನಿಜ ಹೇಳಬೇಕೆಂದರೆ ಮಾತಿನ ಕಾರ್ಯಕ್ರಮದಲ್ಲಿ ವ್ಯಾಟ್ ಮುಗಿಯೋಕೆ ಮುಂಚೆಯೇ ಮೈಕ್ "ಕುಂಯ್" ಅಂತ ಕೂಗೋಕೆ ಶುರು ಮಾಡುತ್ತದೆ. ಅದಕ್ಕೆ ದೊಡ್ಡ ಆಂಪ್ ಮದ್ದಲ್ಲ.

ಇನ್ನೊಂದು ವಿಷಯ ಯಾವ ಸ್ಟಿಕ್ಕರ್‌ನಲ್ಲೂ ಇರಲ್ಲ. ಕಾಯಿಲ್ ಬಿಸಿಯಾದ ಹಾಗೆ ತಾಮ್ರದ ರೆಸಿಸ್ಟೆನ್ಸ್ ಏರುತ್ತದೆ. 200 ಡಿಗ್ರಿ ಏರಿದರೆ ರೆಸಿಸ್ಟೆನ್ಸ್ ಮುಕ್ಕಾಲು ಪಾಲಿಗಿಂತ ಜಾಸ್ತಿ ಹೆಚ್ಚುತ್ತದೆ. ಆಗ ಆಂಪ್‌ನಿಂದ ಅಷ್ಟು ವ್ಯಾಟ್ ಹೊರಡೋದೇ ಇಲ್ಲ. ಗಂಟೆಗಟ್ಟಲೆ ಒತ್ತಿ ಬಾರಿಸಿದ ಬಾಕ್ಸ್ ಒಂದೆರಡು ಡಿಬಿ ಕಳೆದುಕೊಂಡಿರುತ್ತದೆ, ಹುಡುಗರು "ಸೌಂಡ್ ಕಮ್ಮಿ ಆಯ್ತು" ಅಂತ ಇನ್ನೂ ಏರಿಸುತ್ತಾರೆ. 600ರ ಆಂಪ್‌ನಲ್ಲಿ ಅದು ಕಾಯಿಲ್ ಕಟ್ಟಿಸುವ ಖರ್ಚಿಗೆ ದಾರಿ.

ಆ ಹತ್ತು ಸಾವಿರದಲ್ಲಿ ಎರಡು ಗಟ್ಟಿ ಸ್ಟ್ಯಾಂಡ್ ತಗೊಂಡು ಬಾಕ್ಸ್‌ಗಳನ್ನ ಜನರ ತಲೆಗಿಂತ ಮೇಲೆ ಎತ್ತಿ. ನೆಲದ ಮೇಲಿಟ್ಟರೆ ಮುಂದಿನ ಎರಡು ಸಾಲಿನವರೇ ಸದ್ದನ್ನೆಲ್ಲ ಹೀರಿಬಿಡುತ್ತಾರೆ. ಉಳಿದ ದುಡ್ಡಿಗೆ ಒಳ್ಳೇ ಮೈಕ್. ಅಥವಾ 100 ಡಿಬಿ ಬರೆದ ಬಾಕ್ಸ್ ಸಿಕ್ಕರೆ ನೋಡಿ. ಅದಕ್ಕೆ 150 ಕೊಟ್ಟರೂ ಇದಕ್ಕೆ 300 ಕೊಟ್ಟಷ್ಟೇ ಕೇಳಿಸುತ್ತದೆ.

ಮಲೆನಾಡ_ಗಡಿ:

ಸ್ಟ್ಯಾಂಡ್ ವಿಷಯ ಕಮಿಟಿಗೆ ಹೇಳುತ್ತೇನೆ. ಕೊನೇ ಪ್ರಶ್ನೆ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಕಥೆ ಗೊತ್ತಲ್ಲ. 2 ಕೆವಿಎ ಜನರೇಟರ್ ಇದೆ. 300+300, ಅಂದರೆ ಒಟ್ಟು 600 ವ್ಯಾಟ್ ಆಂಪ್‌ಗೆ ಸಾಕಾ? ಬಾಕ್ಸ್‌ಗೆ ಎಂಥ ವಯರ್ ತರಬೇಕು? ಆಂಪ್‌ನಿಂದ ಸುಮಾರು 15 ಮೀಟರ್.

ಸೋಲ್ಡರ್_ಹೊಗೆ:

ಸಾಕು, ಮಿಕ್ಕುತ್ತದೆ. ಆಂಪ್ ಪುಸ್ತಕದ ಕೊನೇ ಪುಟಗಳಲ್ಲಿ 1/8 ಪವರ್‌ನಲ್ಲಿ ಎಷ್ಟು ಕರೆಂಟ್ ಎಳೆಯುತ್ತದೆ ಅಂತ ಕೊಟ್ಟಿರುತ್ತಾರೆ. ಹಾಡು, ಮಾತಿನ ಸರಾಸರಿ ಅಷ್ಟೇ ಇರುತ್ತದೆ ಅಂತ ಸುರಕ್ಷತಾ ಪರೀಕ್ಷೆಗಳೂ ಅದೇ ಅಳತೆ ಹಿಡಿಯುತ್ತವೆ. 600ರಲ್ಲಿ 1/8 ಅಂದರೆ 75 ವ್ಯಾಟ್ ಹೊರಗೆ. ಎಬಿ ಕ್ಲಾಸ್ ಆಂಪ್ ಆಗಿದ್ದರೆ ಬಿಸಿಗೆ ಹೋಗೋದೂ ಸೇರಿ ಗೋಡೆಯಿಂದ ಅದರ ಕೆಲವು ಪಟ್ಟು ಎಳೆಯಬಹುದು, ಡಿ ಕ್ಲಾಸ್ ಆದರೆ ತುಂಬಾ ಕಡಿಮೆ. ಚಂಡೆಯ ಪೆಟ್ಟಿಗೆ ಬೇಕಾದ್ದನ್ನ ಒಳಗಿನ ಕೆಪಾಸಿಟರ್‌ಗಳು ನೋಡಿಕೊಳ್ಳುತ್ತವೆ. ಜನರೇಟರ್ ಶುರು ಮಾಡಿ ವೋಲ್ಟೇಜ್ ನಿಂತ ಮೇಲೆ ಆಂಪ್ ಆನ್ ಮಾಡಿ, ಆಫ್ ಮಾಡುವಾಗ ಆಂಪ್ ಮೊದಲು.

ವಯರ್ 2.5 ಚದರ ಮಿಲಿಮೀಟರ್ ತನ್ನಿ. 15 ಮೀಟರ್ ಹೋಗಿ ಬರೋದಕ್ಕೆ ಸುಮಾರು 0.2 ಓಮ್, ಲೆಕ್ಕಕ್ಕಿಲ್ಲ. ಮನೆಯಲ್ಲಿ ಬಿದ್ದಿರುವ ತೆಳ್ಳಗಿನ 0.5ರ ಬೆಲ್ ವಯರ್ ಹಾಕಿದರೆ 1 ಓಮ್ ದಾಟುತ್ತದೆ, ಆಗ ಬಾಕ್ಸ್‌ಗೆ ಬರಬೇಕಾದ ಪವರ್‌ನಲ್ಲಿ ಐದರಲ್ಲೊಂದು ಭಾಗಕ್ಕಿಂತ ಜಾಸ್ತಿ ಕಡಿಮೆಯಾಗುತ್ತದೆ. ತಾಮ್ರದ್ದೇ ತನ್ನಿ. ತಾಮ್ರದ ಬಣ್ಣ ಬಳಿದ ಅಲ್ಯೂಮಿನಿಯಂ ವಯರ್ ಕೂಡ ಮಾರ್ಕೆಟ್‌ನಲ್ಲಿ ಬೇಕಾದಷ್ಟಿದೆ. ತುದಿಯನ್ನ ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ವಾಪಸ್ ಕೊಡಿ.